ಹಿಮ್ಮಡಿಯ ಹುರಿ ಹರಿದಾಗ

(ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮೂಳೆ ವೈದ್ಯರೊಬ್ಬರು ಮಾಡಿದ ಭಾಷಣ. ಕೆಲಸದ ಪಾಳಿಯಿಂದಾಗಿ ಸಭೆಗೆ ಬರಲಾರದೆ ಹೋದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಿದೆ.)



ವೈದ್ಯನನ್ನು ಸಭೆಗೆ ಕರೆದರೆ ಆತ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು ಇವುಗಳ ಮೇಲೆ ನಾಲ್ಕು ಬುದ್ಧಿಮಾತು ಹೇಳಿ ಹೋಗುವುದು ವಾಡಿಕೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಈ ದಿನ ನಾನು ಆರಿಸಿಕೊಂಡಿರುವುದು ಗೇಣುದ್ದದ ಒಂದು ವಿಷಯ. ತಾವೆಲ್ಲರೂ ಕುಳಿತಲ್ಲೇ ಸ್ವಲ್ಪ ಬಾಗಿ, ಹಿಮ್ಮಡಿಯ ಮೇಲ್ಗಡೆ ಹಿಂಬದಿಯಲ್ಲಿ ಬೆರಳಿಟ್ಟು ನೋಡಿ. ಬಿಗಿದ ಹಗ್ಗದಂತಹ ಒಂದು ಹುರಿ ಕೈಗೆ ಸಿಗುತ್ತದೆ. ಅದು ಹರಿದರೆ ಏನಾಗುತ್ತದೆ, ಹರಿದದ್ದನ್ನು ತಿಳಿಯುವುದು ಹೇಗೆ, ಈಗ ಸಣ್ಣ ಕೊಯ್ತದಿಂದ ಅದನ್ನು ಹೊಲಿಯುವ ಕ್ರಮ ಎಂತಹುದು, ಆ ಹೊಲಿಗೆ ಎಲ್ಲರಿಗೂ ಬೇಕೇ, ಗುಣವಾಗುವ ತನಕ ಮನೆಯ ಒಲೆ ಉರಿಯುವುದು ಹೇಗೆ, ಇಷ್ಟೇ ನನ್ನ ಮಾತು.

ಈ ವಿಷಯವನ್ನೇ ಏಕೆ ಹಿಡಿದೆನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತಂದೆಯವರು ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿನಲ್ಲಿ, ೧೯೫೮ರಲ್ಲಿ, ಊರಿನವರೊಬ್ಬರ ಬೆನ್ನು ಹಿಡಿದು ಮದರಾಸಿಗೆ ಬಂದರು. ಕ್ಲೀನರಾಗಿ ಸೇರಿ, ಸಪ್ಲೈಯರಾಗಿ, ಕೊನೆಗೆ ಅಡಿಗೆಮನೆಯಲ್ಲಿ ನೆಲೆ ನಿಂತರು. ೧೯೮೩ರ ದೀಪಾವಳಿಯ ಹಿಂದಿನ ರಾತ್ರಿ, ಸಾಂಬಾರಿನ ಕೊಳಗವನ್ನು ಇನ್ನೊಬ್ಬರೊಡನೆ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ಒದ್ದೆ ನೆಲದ ಮೇಲೆ ಬಲಗಾಲು ಜಾರಿತು. ಬೀಳದಂತೆ ಮುಂಗಾಲನ್ನು ಒತ್ತಿ ಹಿಡಿದರು. ಆ ಕ್ಷಣಕ್ಕೆ ಹಿಂದಿನಿಂದ ಯಾರೋ ಸೌದೆಯ ತುಂಡಿನಿಂದ ಹಿಮ್ಮಡಿಗೆ ಹೊಡೆದಂತಾಯಿತಂತೆ. ಸಿಟ್ಟಿನಿಂದ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ!

ತೋರಿಸಿದ ಕಡೆಯಲ್ಲಿ ಎಕ್ಸ್‌ರೇ ತೆಗೆದು, "ಮೂಳೆ ಸರಿಯಾಗಿದೆ, ಇದು ಬರೀ ಉಳುಕು" ಎಂದು ಪಟ್ಟಿ ಸುತ್ತಿ ಕಳುಹಿಸಿದರು. ಮನೆಯಲ್ಲಿ ಎಣ್ಣೆ ನೀವಿದರು. ನೋವು ಇಳಿಯಿತು. ನಾಲ್ಕನೆಯ ದಿನ ಕೆಲಸಕ್ಕೆ ಹೋದರು. ಆದರೆ ಅಲ್ಲಿಂದ ಮುಂದೆ ಬದುಕಿದ್ದಷ್ಟು ಕಾಲವೂ ಅವರು ಮೆಟ್ಟಿಲು ಹತ್ತಿದ್ದು ಒಂದೇ ಕಾಲಿನ ಬಲದಿಂದ. ಅಟ್ಟದ ಮೇಲಿನ ಡಬ್ಬವನ್ನು ತುದಿಗಾಲಿನಲ್ಲಿ ನಿಂತು ತೆಗೆಯುವುದು ಅವರಿಂದ ಮತ್ತೆ ಆಗಲಿಲ್ಲ. ಹನ್ನೆರಡು ವರ್ಷಗಳ ಮೇಲೆ ನಾನು ವೈದ್ಯಶಾಸ್ತ್ರ ಓದುತ್ತಿದ್ದಾಗ, ರಜೆಯಲ್ಲಿ ಮನೆಗೆ ಬಂದು, ಪುಸ್ತಕದಲ್ಲಿ ಓದಿದ್ದ ಒಂದು ಪರೀಕ್ಷೆಯನ್ನು ಅವರ ಕಾಲಿನ ಮೇಲೆ ಮಾಡಿ ನೋಡಿದೆ. ಎಡಗಾಲಿನ ಪಾದ ಚೆನ್ನಾಗಿ ಆಡಿತು. ಬಲಗಾಲಿನದು ಆಡಿತೋ ಇಲ್ಲವೋ ಎಂಬಂತಿತ್ತು. ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಪರೀಕ್ಷೆಗೆ ಆಗ ಎಷ್ಟು ದುಡ್ಡು ಬೇಕಿತ್ತು ಮಗಾ?" ಎಂದು ಕೇಳಿದರು. "ಒಂದು ಕಾಸೂ ಬೇಕಿರಲಿಲ್ಲ ಅಪ್ಪಯ್ಯ" ಎಂದೆ. ಆ ಕಾಸಿಲ್ಲದ ಪರೀಕ್ಷೆಯನ್ನು ನಿಮಗೆ ಕಲಿಸಿ ಹೋಗಬೇಕೆಂಬುದೇ ನಾನು ಇಲ್ಲಿ ನಿಂತಿರುವುದರ ಮುಖ್ಯ ಉದ್ದೇಶ.

ಮೊದಲು ಈ ಹುರಿಯ ಪರಿಚಯ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ದಪ್ಪಗಿರುವ ಮಾಂಸವನ್ನು ನಾವು ಮೀನಖಂಡವೆನ್ನುತ್ತೇವೆ. ಅದರ ಸ್ನಾಯುಗಳು ಕೆಳಗಿಳಿಯುತ್ತ ಒಂದುಗೂಡಿ, ಸುಮಾರು ೧೫ ಸೆಂಟಿಮೀಟರ್ ಉದ್ದದ ಒಂದು ಗಟ್ಟಿ ಹುರಿಯಾಗಿ ಹಿಮ್ಮಡಿಯ ಮೂಳೆಗೆ ಕಚ್ಚಿಕೊಳ್ಳುತ್ತವೆ. ಜನ ಇದನ್ನು "ನರ" ಎನ್ನುವುದುಂಟು. ಶಾಸ್ತ್ರದಲ್ಲಿ ಇದು ಸ್ನಾಯುರಜ್ಜು. ನರವು ಸುದ್ದಿ ಒಯ್ಯುವ ತಂತಿ. ರಜ್ಜುವು ಭಾರ ಎಳೆಯುವ ಹಗ್ಗ. ನಮ್ಮ ಶರೀರದ ರಜ್ಜುಗಳಲ್ಲೆಲ್ಲ ಇದೇ ಹೆಚ್ಚು ದಪ್ಪ, ಇದೇ ಹೆಚ್ಚು ಬಲವಾದದ್ದು. ನಡೆಯುವಾಗ ಹಿಮ್ಮಡಿಯನ್ನು ನೆಲದಿಂದ ಎತ್ತಿ ನಮ್ಮನ್ನು ಮುಂದಕ್ಕೆ ನೂಕುವುದು ಇದರ ಕೆಲಸ. ಓಡುವಾಗ ಶರೀರದ ತೂಕದ ಹಲವು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ.

ಇದಕ್ಕೆ ಅಖಿಲೀಸನ ರಜ್ಜು ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಅಖಿಲೀಸನೆಂಬ ವೀರನನ್ನು ಅವನ ತಾಯಿ ಹಿಮ್ಮಡಿ ಹಿಡಿದು ದಿವ್ಯನದಿಯಲ್ಲಿ ಅದ್ದಿದಳಂತೆ. ನೀರು ಸೋಕಿದ ಮೈಯೆಲ್ಲ ವಜ್ರವಾಯಿತು. ತಾಯಿಯ ಕೈಯಲ್ಲಿದ್ದ ಹಿಮ್ಮಡಿ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಬಾಣ ಅಲ್ಲಿಗೇ ನಾಟಿತು. ನಮ್ಮಲ್ಲಿ ಶ್ರೀಕೃಷ್ಣನ ಅವತಾರ ಮುಗಿದದ್ದೂ ಜರನೆಂಬ ಬೇಡನ ಬಾಣ ಅಂಗಾಲಿಗೆ ತಗಲಿದ್ದರಿಂದ. ದೊಡ್ಡವರನ್ನು ಕೆಡವಲು ಕಾಲೇ ಸಾಕೆಂಬುದು ಎರಡು ದೇಶದ ಹಿರಿಯರಿಗೂ ತಿಳಿದಿತ್ತು.

ಇಷ್ಟು ಬಲವಾದ ಹಗ್ಗ ಹರಿಯುವುದೇಕೆ? ಹಿಮ್ಮಡಿಯ ಮೂಳೆಯಿಂದ ಸುಮಾರು ೨ರಿಂದ ೬ ಸೆಂಟಿಮೀಟರ್ ಮೇಲೆ ಇದಕ್ಕೆ ರಕ್ತದ ಪೂರೈಕೆ ಕಡಮೆ. ವಯಸ್ಸು ಮೂವತ್ತು ದಾಟಿದ ಮೇಲೆ ಅಲ್ಲಿನ ಎಳೆಗಳು ಸದ್ದಿಲ್ಲದೆ ಸವೆಯುತ್ತವೆ. ಹಾಗಿರುವಾಗ ಒಂದು ದಿನ ಹಠಾತ್ತಾಗಿ ಜಗ್ಗಿದರೆ, ಬಾವಿಯ ಹಳೆಯ ಹಗ್ಗ ಸವೆದ ಕಡೆಯಲ್ಲೇ ತುಂಡಾಗುವಂತೆ, ಇದೂ ತುಂಡಾಗುತ್ತದೆ. ಮೂವತ್ತರಿಂದ ಐವತ್ತರೊಳಗಿನ ಗಂಡಸರಲ್ಲಿ ಇದು ಹೆಚ್ಚು. ಬಹುಪಾಲು ಆಟದ ಬಯಲಿನಲ್ಲೇ ಆಗುತ್ತದೆ. ವಾರವೆಲ್ಲ ಆಟವಾಡದೆ ಭಾನುವಾರ ಮರೀನಾದ ಮರಳಿನ ಮೇಲೆ ಕ್ರಿಕೆಟ್ ಆಡುವ, ಸಂಘದ ವಾರ್ಷಿಕೋತ್ಸವದಲ್ಲಿ ವರ್ಷಕ್ಕೊಮ್ಮೆ ಓಟದ ಪಂದ್ಯಕ್ಕೆ ಇಳಿಯುವ ನಮ್ಮಂತಹವರೇ ಇದರ ಗಿರಾಕಿಗಳು. ಮಿಕ್ಕಂತೆ, ಭಾರ ಹೊತ್ತು ಮೆಟ್ಟಿಲು ತಪ್ಪುವುದು, ಒದ್ದೆ ನೆಲದ ಮೇಲೆ ಜಾರುವುದು, ಏಣಿಯಿಂದ ಕಾಲು ಕುಸಿಯುವುದು ಇವುಗಳಿಂದಲೂ ಆಗುತ್ತದೆ. ಹೋಟೆಲಿನಲ್ಲಾಗಲಿ ಗಿರಣಿಯಲ್ಲಾಗಲಿ ಇವು ಯಾವುವೂ ಅಪರೂಪವಲ್ಲವೆಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಔಷಧಗಳೂ ಈ ಹುರಿಯನ್ನು ಮೆದುವಾಗಿಸುವುದುಂಟು. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಎಂಬ ಮಾತ್ರೆಗಳು ಇದಕ್ಕೆ ಹೆಸರಾದವು. ೨೦೦೮ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರಲ್ಲಿ, ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ ಅಪಾಯ ಹೆಚ್ಚು. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿ. ಹೊಟ್ಟೆ ಕೆಟ್ಟಿತೆಂದು ಅಂಗಡಿಯಲ್ಲಿ ನೀವೇ ಕೇಳಿ ನುಂಗಬೇಡಿ. ನುಂಗುವ ದಿನಗಳಲ್ಲಿ ಹಿಮ್ಮಡಿ ನೋಯಲಾರಂಭಿಸಿದರೆ ಒಡನೆ ವೈದ್ಯರಿಗೆ ತಿಳಿಸಿ. ಹಿಮ್ಮಡಿಯ ಹುರಿ ನೋಯುತ್ತದೆಂದು ಅದರೊಳಕ್ಕೆ ಸ್ಟೆರಾಯ್ಡ್ ಸೂಜಿ ಹಾಕಿಸಿಕೊಳ್ಳುವುದೂ ಒಳ್ಳೆಯದಲ್ಲ.

ಇನ್ನು ಹರಿದದ್ದನ್ನು ತಿಳಿಯುವ ಬಗೆ. ಮೂರು ಲಕ್ಷಣಗಳನ್ನು ನೆನಪಿಡಿ. ಹಿಂದಿನಿಂದ ಯಾರೋ ಒದ್ದಂತೆ ಅಥವಾ ಕಲ್ಲು ಬಡಿದಂತೆ ಅನ್ನಿಸುವುದು, ಕೆಲವೊಮ್ಮೆ "ಟಪ್" ಎಂಬ ಸದ್ದು ಕೇಳುವುದು ಮೊದಲನೆಯದು. ಆ ಕಾಲೊಂದರಲ್ಲೇ ತುದಿಗಾಲಿನ ಮೇಲೆ ನಿಲ್ಲಲಾಗದಿರುವುದು ಎರಡನೆಯದು. ಹುರಿಯ ಮೇಲೆ ಬೆರಳಾಡಿಸಿದರೆ ಒಂದು ಕಡೆ ಹಳ್ಳ ಸಿಕ್ಕುವುದು ಮೂರನೆಯದು.

ಈಗ ಆ ಪರೀಕ್ಷೆ. ಪೆಟ್ಟಾದವನನ್ನು ಬೆಂಚಿನ ಮೇಲೆ ಬೋರಲಾಗಿ ಮಲಗಿಸಿ. ಪಾದಗಳೆರಡೂ ಬೆಂಚಿನ ಅಂಚಿನಿಂದ ಆಚೆಗೆ ತೂಗಿರಲಿ. ಮೊದಲು ಚೆನ್ನಾಗಿರುವ ಕಾಲಿನ ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಹಿಂಡಿ. ಪಾದ ತನ್ನಷ್ಟಕ್ಕೆ ಕೆಳಮುಖವಾಗಿ ಚಾಚುತ್ತದೆ. ಅನಂತರ ಪೆಟ್ಟಾದ ಕಾಲನ್ನು ಮೆಲ್ಲಗೆ ಹಾಗೆಯೇ ಹಿಂಡಿ. ಪಾದ ಆಡದಿದ್ದರೆ ಹುರಿ ಹರಿದಿದೆಯೆಂದೇ ತಿಳಿಯತಕ್ಕದ್ದು. ಇಂಗ್ಲೆಂಡಿನ ಸಿಮಂಡ್ಸ್ ಎಂಬವರು ೧೯೫೭ರಲ್ಲಿಯೂ ಅಮೆರಿಕದ ಥಾಂಪ್ಸನ್ ಎಂಬವರು ೧೯೬೨ರಲ್ಲಿಯೂ ಇದನ್ನು ಬರೆದು ಪ್ರಕಟಿಸಿದರು. ಯಂತ್ರ ಬೇಡ, ಸೂಜಿ ಬೇಡ, ಎರಡು ನಿಮಿಷ ಸಾಕು.

ಇಷ್ಟು ಸುಲಭವಾಗಿದ್ದರೂ ಮೊದಲ ಭೇಟಿಯಲ್ಲಿ ಐವರಲ್ಲಿ ಒಬ್ಬರದಾದರೂ ತಪ್ಪಿಹೋಗುತ್ತದೆಂದು ವೈದ್ಯಗ್ರಂಥಗಳೇ ಒಪ್ಪುತ್ತವೆ. ಕಾರಣಗಳುಂಟು. ಹುರಿ ಹರಿದ ಮೇಲೂ ಮನುಷ್ಯ ನಡೆಯಬಲ್ಲ. ಬೆರಳುಗಳನ್ನು ಮಡಿಸುವ ಬೇರೆ ರಜ್ಜುಗಳು ಪಾದವನ್ನು ಅಷ್ಟಿಷ್ಟು ಕೆಳಗೆ ಎಳೆಯುತ್ತವೆ. ೨೦೧೩ರ ಏಪ್ರಿಲಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟರಿಗೆ ಆಟದ ನಡುವೆ ಈ ಹುರಿ ಹರಿದಾಗ, ಅವರು ತಾವೇ ನಿಂತು ಎರಡು ಚೆಂಡುಗಳನ್ನು ಬುಟ್ಟಿಗೆ ಹಾಕಿ, ನಡೆದುಕೊಂಡೇ ಹೊರಗೆ ಹೋದರು. ಆದುದರಿಂದ "ನಡೆಯುತ್ತಾನಲ್ಲ, ಏನೂ ಆಗಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹುರಿ ಕಾಣುವುದಿಲ್ಲ. ಸಂಶಯವಿದ್ದರೆ ಅಲ್ಟ್ರಾಸೌಂಡ್ ಪರೀಕ್ಷೆ ತೋರಿಸಿಕೊಡುತ್ತದೆ. ನೀವು ವೈದ್ಯರ ಮುಂದೆ ಕುಳಿತಾಗ, "ಸ್ವಾಮಿ, ಮೀನಖಂಡ ಹಿಂಡಿ ನೋಡುತ್ತೀರಾ?" ಎಂದು ವಿನಯವಾಗಿ ಕೇಳಿ. ಕೇಳುವುದರಿಂದ ಯಾರ ಮಾನವೂ ಹೋಗುವುದಿಲ್ಲ.

ತಡವಾದರೆ ನಷ್ಟವೇನು? ಮೀನಖಂಡ ಹುರಿಯ ಮೇಲ್ತುದಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತ ಹೋಗುತ್ತದೆ. ನಡುವಿನ ಸಂದಿನಲ್ಲಿ ಬಲವಿಲ್ಲದ ಗಾಯದ ಮಾಂಸ ತುಂಬುತ್ತದೆ. ಮೊದಲ ಎರಡು ವಾರಗಳಲ್ಲಿ ಬಂದರೆ ನಮ್ಮ ಕೈಯಲ್ಲಿ ಎಲ್ಲ ದಾರಿಗಳೂ ಇರುತ್ತವೆ. ಆರು ವಾರ ಕಳೆದು ಬಂದರೆ ಸಣ್ಣ ಕೊಯ್ತದ ಮಾತೇ ಇಲ್ಲ. ಕಾಲನ್ನು ಉದ್ದಕ್ಕೆ ತೆರೆದು, ಎಷ್ಟೋ ಸಲ ಹೆಬ್ಬೆರಳನ್ನು ಮಡಿಸುವ ರಜ್ಜುವನ್ನು ಕಡ ತಂದು ಇಲ್ಲಿ ಜೋಡಿಸಬೇಕಾಗುತ್ತದೆ.

ಬೇಗ ಬಂದವರಿಗೆ ಮೂರು ದಾರಿಗಳಿವೆ.

ಮೊದಲನೆಯದು ಕೊಯ್ಯದೆ ಗುಣಪಡಿಸುವುದು. ಪಾದವನ್ನು ಕೆಳಮುಖ ಮಾಡಿದರೆ ಹರಿದ ತುದಿಗಳೆರಡೂ ಹತ್ತಿರ ಬರುತ್ತವೆ. ಆ ಸ್ಥಿತಿಯಲ್ಲಿ ಪಟ್ಟಿಯನ್ನೋ, ಹಿಮ್ಮಡಿಯ ಕೆಳಗೆ ಬೆಣೆಗಳಿರುವ ಗಟ್ಟಿ ಬೂಟನ್ನೋ ಹಾಕಿ ಕೂಡಿಕೊಳ್ಳಲು ಬಿಡುವುದು. ಹಿಂದೆ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಕಾಲನ್ನು ಹುದುಗಿಸಿಡುತ್ತಿದ್ದರು. ಈಗ ಬೇಗನೆ ಬೂಟು ತೊಡಿಸಿ, ಅದರ ಮೇಲೆ ಭಾರ ಹಾಕಿ ನಡೆಸುತ್ತಾರೆ.

ಎರಡನೆಯದು ಹಳೆಯ ತೆರೆದ ಶಸ್ತ್ರಕ್ರಿಯೆ. ಹುರಿಯ ಉದ್ದಕ್ಕೆ ಸುಮಾರು ೧೦ ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಚರ್ಮವನ್ನು ಕೊಯ್ದು, ತುದಿಗಳನ್ನು ಕಣ್ಣಾರೆ ನೋಡಿ ಹೊಲಿಯುವುದು. ಹೊಲಿಗೆ ಗಟ್ಟಿ. ಆದರೆ ಹಿಮ್ಮಡಿಯ ಮೇಲಿನ ಚರ್ಮ ತೆಳುವು, ಅಡಿಯಲ್ಲಿ ಮಾಂಸದ ಮೆತ್ತೆಯಿಲ್ಲ. ಗಾಯದ ಅಂಚು ಕಪ್ಪಾಗಿ ಕೊಳೆಯುವುದು, ಕೀವಾಗುವುದು ಇಲ್ಲಿಯ ಭಯ. ಸಕ್ಕರೆ ಕಾಯಿಲೆಯವರಲ್ಲಿಯೂ ಬೀಡಿ ಸಿಗರೇಟು ಸೇದುವವರಲ್ಲಿಯೂ ಈ ಭಯ ಇನ್ನೂ ಹೆಚ್ಚು.

ಮೂರನೆಯದೇ ಸಣ್ಣ ಕೊಯ್ತದ ಶಸ್ತ್ರಕ್ರಿಯೆ. ೧೯೭೭ರಲ್ಲಿ ಮಾ ಮತ್ತು ಗ್ರಿಫಿತ್ ಎಂಬ ಇಬ್ಬರು ವೈದ್ಯರು, ಚರ್ಮವನ್ನು ಉದ್ದಕ್ಕೆ ತೆರೆಯದೆ, ಹುರಿಯ ಎರಡು ಬದಿಗಳಲ್ಲಿ ಚಿಕ್ಕ ಚಿಕ್ಕ ತೂತುಗಳಿಂದ ದಾರ ಪೋಣಿಸಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಗಾಯದ ಕೇಡು ತಗ್ಗಿತು. ಆದರೆ ಕಣ್ಣಿಗೆ ಕಾಣದೆ ಹೊಲಿಯುವಾಗ ಪಕ್ಕದ ನರವೊಂದು ದಾರಕ್ಕೆ ಸಿಕ್ಕಿಬೀಳುತ್ತಿತ್ತು. ಈ ನರ ಹಿಮ್ಮಡಿಯಿಂದ ಸುಮಾರು ೧೦ ಸೆಂಟಿಮೀಟರ್ ಮೇಲೆ ಹುರಿಯ ಹೊರ ಅಂಚನ್ನು ದಾಟಿ, ಪಾದದ ಹೊರಬದಿಗೆ ಸ್ಪರ್ಶಜ್ಞಾನವನ್ನು ಒಯ್ಯುತ್ತದೆ. ಅದಕ್ಕೆ ಪೆಟ್ಟಾದರೆ ಕಿರುಬೆರಳಿನ ಕಡೆ ಜೋಮು, ಉರಿ ಉಳಿಯುತ್ತದೆ.

ಈ ತೊಂದರೆಗೆ ಪರಿಹಾರವಾಗಿ ಬಂದದ್ದು ಒಂದು ಮಾರ್ಗದರ್ಶಿ ಸಲಕರಣೆ. ಸ್ವಿಟ್ಜರ್ಲೆಂಡಿನ ಮಥಿಯೂ ಅಸಾಲ್ ಮತ್ತು ಸಂಗಡಿಗರು ೨೦೦೨ರಲ್ಲಿ ಅಂತಹ ಒಂದರ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸ ನಡೆಯುವುದು ಹೀಗೆ. ಹರಿದ ಜಾಗದ ಮೇಲೆ ೨ರಿಂದ ೩ ಸೆಂಟಿಮೀಟರಿನ ಒಂದು ಕೊಯ್ತ. ಹುರಿಗೆ ಅದರದೇ ಆದ ತೆಳು ಪೊರೆಯೊಂದಿದೆ. ಅದನ್ನು ಜೋಪಾನವಾಗಿ ಬಿಡಿಸಿ, ಇಕ್ಕಳದಂತೆ ಕವಲುಗಳಿರುವ ಸಲಕರಣೆಯ ಒಳಗಿನ ಎರಡು ಕವಲನ್ನು ಪೊರೆಯೊಳಗೆ, ಹುರಿಯ ಆಚೆಗೊಂದು ಈಚೆಗೊಂದರಂತೆ, ಮೇಲಕ್ಕೆ ತೂರಿಸುತ್ತಾರೆ. ಹೊರಗಿನ ಕವಲುಗಳು ಚರ್ಮದ ಮೇಲಿರುತ್ತವೆ. ಕವಲುಗಳ ತೂತುಗಳು ಒಂದಕ್ಕೊಂದು ನೇರವಾಗಿರುವುದರಿಂದ, ಹೊರಗಿನ ತೂತಿನಲ್ಲಿ ಇಳಿಸಿದ ಸೂಜಿ ಹುರಿಯನ್ನು ಭೇದಿಸಿ ಆಚೆಯ ತೂತಿನಲ್ಲಿ ಸರಿಯಾಗಿ ಹೊರಡುತ್ತದೆ. ಹೀಗೆ ಮೂರು ದಾರ ಹಾಯಿಸಿ ಸಲಕರಣೆಯನ್ನು ಮೆಲ್ಲಗೆ ಹೊರಗೆ ಎಳೆದರೆ, ದಾರದ ತುದಿಗಳೂ ಪೊರೆಯೊಳಗಿಂದಲೇ ಸಣ್ಣ ಕೊಯ್ತಕ್ಕೆ ಬಂದು ಸೇರುತ್ತವೆ. ನರ ಪೊರೆಯ ಹೊರಗೆ ಉಳಿಯುತ್ತದೆ. ಕೆಳತುದಿಗೂ ಹಾಗೆಯೇ ಮಾಡಿ, ಪಾದವನ್ನು ಕೆಳಮುಖವಾಗಿ ಹಿಡಿದು, ಮೇಲಿನ ದಾರಕ್ಕೆ ಕೆಳಗಿನ ದಾರ ಗಂಟು ಹಾಕುತ್ತಾರೆ. ಗಿರಣಿಯಲ್ಲಿ ಹರಿದ ನೂಲನ್ನು ಕೂಡಿಸಿದವರಿಗೆ ಈ ಕೈಚಳಕ ಕೂಡಲೇ ಅರ್ಥವಾದೀತು.

"ಹಾಗಾದರೆ ಮೂರನೆಯದೇ ಒಳ್ಳೆಯದು, ಅದನ್ನೇ ಮಾಡಿಸೋಣ" ಎಂದು ನೀವು ಹೇಳಬಹುದು. ಅಲ್ಲಿ ಸ್ವಲ್ಪ ತಡೆಯಿರಿ. ನಾರ್ವೆ ದೇಶದಲ್ಲಿ ಈ ಮೂರು ದಾರಿಗಳನ್ನೂ ತಕ್ಕಡಿಯಲ್ಲಿಟ್ಟು ತೂಗಿ, ೨೦೨೨ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ೫೨೬ ಜನರ ಲೆಕ್ಕ ನೋಡಿದರು. ಒಂದು ವರ್ಷದ ಕೊನೆಗೆ ನಡೆಯುವುದು, ಮೆಟ್ಟಿಲು ಹತ್ತುವುದು, ನೋವು, ಬಲ ಇವುಗಳ ಬಗ್ಗೆ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಆದರೆ ಹುರಿ ಮತ್ತೆ ಹರಿದದ್ದು ಕೊಯ್ಯದವರಲ್ಲಿ ನೂರಕ್ಕೆ ೬.೨ ಮಂದಿಗೆ, ಎರಡು ಬಗೆಯ ಶಸ್ತ್ರಕ್ರಿಯೆಯವರಲ್ಲಿಯೂ ನೂರಕ್ಕೆ ೦.೬ ಮಾತ್ರ. ನರಕ್ಕೆ ಪೆಟ್ಟಾದದ್ದು ಸಣ್ಣ ಕೊಯ್ತದವರಲ್ಲಿ ನೂರಕ್ಕೆ ೫.೨, ತೆರೆದ ಶಸ್ತ್ರಕ್ರಿಯೆಯವರಲ್ಲಿ ೨.೮, ಕೊಯ್ಯದವರಲ್ಲಿ ೦.೬.

ಈ ಲೆಕ್ಕದಿಂದ ನಾವು ತಿಳಿಯಬೇಕಾದದ್ದು ಇಷ್ಟು. ಶಸ್ತ್ರಕ್ರಿಯೆ ಮಾಡಿಸದವರೆಲ್ಲ ಕುಂಟರಾಗುವುದಿಲ್ಲ. ಬೇಗ ಬಂದು, ಬೂಟಿನ ನಿಯಮವನ್ನು ತಪ್ಪದೆ ಪಾಲಿಸುವವರಿಗೆ ಕೊಯ್ಯದ ದಾರಿಯೂ ಮಾನವಾದ ದಾರಿಯೇ. ಸಾಲ ಮಾಡಿ ದೊಡ್ಡ ನರ್ಸಿಂಗ್ ಹೋಮಿಗೆ ಹೋಗಲೇಬೇಕೆಂಬ ಹೆದರಿಕೆ ಬೇಡ. ವಯಸ್ಸು ಚಿಕ್ಕದು, ಭಾರ ಹೊರುವ ಕೆಲಸ, ಮತ್ತೆ ಹರಿದರೆ ಬಾಳು ನಡೆಯದು ಎನ್ನುವವರಿಗೆ ಹೊಲಿಗೆ ಲೇಸು. ಅಂತಹವರಲ್ಲಿ ಗಾಯ ಕೆಡುವ ಭಯವಿದ್ದವರಿಗೆ ಸಣ್ಣ ಕೊಯ್ತ ಅನುಕೂಲ. ಆದರೆ ಆ ಕೈಕೆಲಸದಲ್ಲಿ ಪಳಗಿದ ವೈದ್ಯರು ಬೇಕು, ಜೋಮಿನ ಸಂಭವವನ್ನೂ ಮೊದಲೇ ಕೇಳಿ ತಿಳಿದಿರಬೇಕು. ಆಟಗಾರ ಡೇವಿಡ್ ಬೆಕಮ್‌ಗೆ ೨೦೧೦ರ ಮಾರ್ಚಿನಲ್ಲಿ ಈ ಹುರಿ ಹರಿದಾಗ ಫಿನ್ಲೆಂಡಿಗೆ ಹೋಗಿ ಹೊಲಿಸಿಕೊಂಡರು. ಆದರೂ ಆ ವರ್ಷದ ವಿಶ್ವಕಪ್ ಅವರಿಗೆ ತಪ್ಪಿತು. ದುಡ್ಡಿದ್ದರೂ ಹುರಿ ತನ್ನ ಕಾಲವನ್ನು ತೆಗೆದುಕೊಂಡೇ ತೀರುತ್ತದೆ.

ಈ ಮಾತನ್ನು ಒತ್ತಿ ಹೇಳುತ್ತೇನೆ. ಕೊಯ್ತ ಚಿಕ್ಕದಾದ ಮಾತ್ರಕ್ಕೆ ವಿಶ್ರಾಂತಿ ಚಿಕ್ಕದಾಗುವುದಿಲ್ಲ. ಮೊದಲ ಎರಡು ವಾರ ಪಾದ ಕೆಳಮುಖವಾಗಿ ಪಟ್ಟಿಯಲ್ಲಿ. ಆಮೇಲೆ ಬೆಣೆಯಿಟ್ಟ ಬೂಟಿನಲ್ಲಿ ಭಾರ ಹಾಕಿ ನಡಿಗೆ. ವಾರಗಳು ಕಳೆದಂತೆ ಒಂದೊಂದೇ ಬೆಣೆ ತೆಗೆಯುವುದು. ಸುಮಾರು ಎಂಟು ವಾರಕ್ಕೆ ಬೂಟು ಬಿಟ್ಟು ವ್ಯಾಯಾಮ. ದಿನವಿಡೀ ನಿಂತು ಮಾಡುವ ಕೆಲಸಕ್ಕೆ ಮೂರರಿಂದ ನಾಲ್ಕು ತಿಂಗಳು. ಓಟ ಆಟಗಳಿಗೆ ಒಂಬತ್ತು ತಿಂಗಳಿಂದ ವರ್ಷ. ಈ ನಡುವೆ ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ, ರಕ್ತ ಹೆಪ್ಪುಗಟ್ಟಿರಬಹುದು. ಆ ಕ್ಷಣವೇ ೧೦೮ಕ್ಕೆ ಫೋನು ಮಾಡಿ.

ಇನ್ನೊಂದು ಬಗೆಯ ಪೆಟ್ಟಿನ ಬಗ್ಗೆ ಎಚ್ಚರಿಕೆ. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯದ ಪಿಂಗಾಣಿ ಬಿರುಕು ಬಿಟ್ಟಿದ್ದು, ಕಾಲು ಜಾರಿ ಅದರೊಳಕ್ಕೆ ಹೋದರೆ, ಒಡೆದ ಅಂಚು ಕತ್ತಿಯಂತೆ ಹಿಮ್ಮಡಿಯ ಹುರಿಯನ್ನು ಕತ್ತರಿಸುತ್ತದೆ. ನಮ್ಮ ದೇಶದ ವೈದ್ಯರು ಇದನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದಿದ್ದಾರೆ. ಮೋಟಾರ್ ಸೈಕಲಿನ ಹಿಂದೆ ಕುಳಿತ ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗಳಿಗೆ ಸಿಕ್ಕರೂ ಹೀಗೆಯೇ. ಇಲ್ಲಿ ಸಣ್ಣ ಕೊಯ್ತದ ಪ್ರಶ್ನೆಯಿಲ್ಲ. ಗಾಯವನ್ನು ತೆರೆದು ತೊಳೆದು ಹೊಲಿಯಬೇಕು. ಶುದ್ಧ ಬಟ್ಟೆ ಒತ್ತಿ ಕಟ್ಟಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಕೆಲಸಗಾರರ ಕೋಣೆಗಳಲ್ಲಿ ಬಿರುಕು ಬಿಟ್ಟ ಪಿಂಗಾಣಿ ಇದ್ದರೆ ನಾಳೆಯೇ ಬದಲಾಯಿಸುವಂತೆ ಕೇಳಿ.

ಹೋಗುವುದೆಲ್ಲಿಗೆ? ನಮ್ಮ ಊರಿನಲ್ಲಿ ಸೆಂಟ್ರಲ್ ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ, ಸ್ಟ್ಯಾನ್ಲಿ, ಕಿಲ್ಪಾಕ್, ರಾಯಪೇಟೆಯ ಆಸ್ಪತ್ರೆಗಳಿವೆ. ವಿಮೆ ಇರುವವರಿಗೆ ಕೆ. ಕೆ. ನಗರ ಮತ್ತು ಅಯನಾವರದ ಇ.ಎಸ್.ಐ. ಆಸ್ಪತ್ರೆಗಳಿವೆ.

ಈಗ ಒಲೆಯ ಮಾತು. ೧೯೪೮ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯಲ್ಲಿ ನಿಮ್ಮ ಹೆಸರಿದ್ದರೆ ಚಿಕಿತ್ಸೆಗೆ ಖರ್ಚಿಲ್ಲ. ಸಂಬಳದಿಂದ ನೂರಕ್ಕೆ ೦.೭೫ ಹಿಡಿಯುತ್ತಾರಲ್ಲ, ಅದು ಇದಕ್ಕೇ, ಮಾಲೀಕರು ೩.೨೫ ಸೇರಿಸುತ್ತಾರೆ. ಸಾಮಾನ್ಯ ಕಾಯಿಲೆಯೆಂದು ರಜೆ ಹಾಕಿದರೆ ಕೂಲಿಯ ನೂರಕ್ಕೆ ೭೦ರಂತೆ, ವರ್ಷದಲ್ಲಿ ಹೆಚ್ಚೆಂದರೆ ೯೧ ದಿನ ಸಿಗುತ್ತದೆ. ಕೆಲಸದಲ್ಲಿ ಆದ ಪೆಟ್ಟೆಂದು ದಾಖಲಾದರೆ ನೂರಕ್ಕೆ ೯೦ರಂತೆ, ಕೆಲಸಕ್ಕೆ ಅಶಕ್ತನಾಗಿರುವಷ್ಟು ಕಾಲವೂ ಸಿಗುತ್ತದೆ. ಈಗ ಲೆಕ್ಕ ಹಾಕಿ. ೯೧ ದಿನವೆಂದರೆ ಹದಿಮೂರು ವಾರ. ನಿಂತು ಕೆಲಸ ಮಾಡಲು ಈ ಹುರಿ ಕೇಳುವುದು ಹನ್ನೆರಡರಿಂದ ಹದಿನಾರು ವಾರ. ಅಡಿಗೆಮನೆಯಲ್ಲಿ ಜಾರಿ ಬಿದ್ದವನು "ಏನೋ ಉಳುಕು" ಎಂದು ಸುಮ್ಮನೆ ಮನೆಗೆ ಹೋದರೆ ಎಪ್ಪತ್ತಕ್ಕೂ ತೊಂಬತ್ತಕ್ಕೂ ನಡುವಿನ ಇಪ್ಪತ್ತನ್ನೂ ಕಳೆದುಕೊಂಡ, ಕೊನೆಯ ವಾರಗಳ ಅನ್ನವನ್ನೂ ಕಳೆದುಕೊಂಡ. ಆದುದರಿಂದ ಕೆಲಸದಲ್ಲಿ ಬಿದ್ದರೆ, ಎಷ್ಟೇ ಸಣ್ಣ ಪೆಟ್ಟೆಂದು ಕಂಡರೂ, ಆ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಯಿಸಿ. ದಿನ, ಹೊತ್ತು, ಜಾಗ, ನೋಡಿದವರ ಹೆಸರು ನಾಲ್ಕೂ ಇರಲಿ. ಆದರೆ ಭಾನುವಾರದ ಕ್ರಿಕೆಟ್ಟಿನ ಪೆಟ್ಟನ್ನು ಅಡಿಗೆಮನೆಯ ಪೆಟ್ಟೆಂದು ಬರೆಸಬೇಡಿ. ಒಬ್ಬನ ಸುಳ್ಳಿನಿಂದ ಹತ್ತು ಮಂದಿಯ ನಿಜಕ್ಕೆ ಬೆಲೆ ಹೋಗುತ್ತದೆ.

ಬರದಂತೆ ತಡೆಯುವ ಉಪಾಯಗಳೂ ಉಂಟು. ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ದಿನವೂ ಮೆಟ್ಟಿಲಂಚಿನಲ್ಲಿ ಮುಂಗಾಲಿಟ್ಟು, ಗೋಡೆ ಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಏರಿಸಿ ಇಳಿಸಿ. ತಳ ಸವೆದ ಹವಾಯಿ ಚಪ್ಪಲಿಯಲ್ಲಿ ಅಡಿಗೆಮನೆಯ ಕೆಲಸ ಬೇಡ. ಪಾತ್ರೆ ತೊಳೆಯುವ ಕಡೆ ಚೆಲ್ಲಿದ ನೀರನ್ನು, ದೋಸೆಕಲ್ಲಿನ ಮುಂದೆ ಬಿದ್ದ ಎಣ್ಣೆಯನ್ನು ಆಗಿಂದಾಗ ಒರೆಸುವುದು ಒಬ್ಬರ ಹೊಣೆಯಾಗಿರಲಿ. ಹಿಮ್ಮಡಿಯ ಹುರಿ ವಾರಗಟ್ಟಲೆ ನೋಯುತ್ತಿದ್ದರೆ ಅಸಡ್ಡೆ ಮಾಡಬೇಡಿ.

ಕೊನೆಯದಾಗಿ ಸಂಘದವರಲ್ಲಿ ಎರಡು ಬಿನ್ನಹ. ೧೯೧೮ರಲ್ಲಿ ಇದೇ ಊರಿನ ಪೆರಂಬೂರಿನ ಗಿರಣಿ ಕೆಲಸಗಾರರು ಮದರಾಸ್ ಲೇಬರ್ ಯೂನಿಯನ್ ಕಟ್ಟಿದರು. ದೇಶದಲ್ಲಿ ಕ್ರಮಬದ್ಧವಾಗಿ ಕಟ್ಟಿದ ಮೊದಲ ಕಾರ್ಮಿಕ ಸಂಘಗಳಲ್ಲಿ ಅದೊಂದು. ಆ ಗಿರಣಿಗಳು ಈಗಿಲ್ಲ. ಒಬ್ಬನಿಂದ ಆಗದ್ದು ಕೂಡಿದರೆ ಆಗುತ್ತದೆಂಬ ಪಾಠ ಉಳಿದಿದೆ. ವುಡ್‌ಲ್ಯಾಂಡ್ಸಿನ ಕೃಷ್ಣರಾಯರು, ದಾಸಪ್ರಕಾಶದ ಸೀತಾರಾಮರಾಯರು ಈ ಊರಿನಲ್ಲಿ ಉಡುಪಿಯ ಊಟಕ್ಕೆ ಹೆಸರು ತಂದರು. ಆ ಹೆಸರನ್ನು ಹೊತ್ತು ನಿಂತ ಕಾಲುಗಳು ನಿಮ್ಮಂತಹವರವು. ಆದುದರಿಂದ ಕೇಳುತ್ತೇನೆ: ಕಾಲಿಗೆ ಪೆಟ್ಟಾದವನಿಗೆ ಬೂಟು ಹಾಕಿದ ದಿನಗಳಲ್ಲಿ ಕುಳಿತು ಮಾಡುವ ಕೆಲಸ, ಅಂದರೆ ಗಲ್ಲಾ, ತರಕಾರಿ ಹೆಚ್ಚುವುದು, ಪಾರ್ಸೆಲ್ ಕಟ್ಟುವುದು, ಸ್ಟೋರಿನ ಲೆಕ್ಕ, ಇವುಗಳಲ್ಲಿ ಒಂದನ್ನು ಕೊಡುವಂತೆ ಮಾಲೀಕರೊಡನೆ ಮಾತನಾಡಿ ಒಪ್ಪಿಸಿ. ವೈದ್ಯರು ಕುಳಿತು ಕೆಲಸ ಮಾಡಬಹುದೆಂದು ಬರೆದುಕೊಟ್ಟ ಮೇಲೆ ಮಾತ್ರ. ಎರಡನೆಯದು, ಸಂಘದ ಕೋಣೆಯ ಗೋಡೆಯ ಮೇಲೆ ಈ ಹಿಂಡುವ ಪರೀಕ್ಷೆಯ ಚಿತ್ರವೊಂದನ್ನು ಬರೆಸಿ ಹಾಕಿ.

ಸಭೆ ಮುಗಿದ ಮೇಲೆ ಯಾರೂ ಕೂಡಲೇ ಏಳಬೇಡಿ. ಇಲ್ಲಿ ನಾಲ್ಕು ಬೆಂಚುಗಳಿವೆ. ಇಬ್ಬಿಬ್ಬರಾಗಿ ಬನ್ನಿ; ಒಬ್ಬರು ಬೋರಲು ಮಲಗಿ, ಇನ್ನೊಬ್ಬರು ಹಿಂಡಿ, ಪಾದ ಆಡುವುದನ್ನು ಕಣ್ಣಾರೆ ನೋಡಿ ಹೋಗಿ. ಚೆನ್ನಾಗಿರುವ ಕಾಲು ಹೇಗೆ ಆಡುತ್ತದೆಂದು ಕೈಗೆ ತಿಳಿದಿದ್ದರೆ, ಕೆಟ್ಟ ಕಾಲು ಎದುರಾದ ದಿನ ಕೈ ತಾನೇ ಗುರುತಿಸುತ್ತದೆ. ಅಂದು ನಮ್ಮ ತಂದೆಯವರ ಜೊತೆಯಲ್ಲಿ ಕೊಳಗ ಹಿಡಿದಿದ್ದವರಿಗೆ ಇಷ್ಟು ತಿಳಿದಿದ್ದರೆ ಸಾಕಿತ್ತು.